ಯುದ್ಧಕಾಲದ ವಿವಾದಿತ ಜೀವನಚರಿತ್ರೆಗಳು: ಒಕ್ಕಣೆಯುಳ್ಳ ಪ್ರತಿಗಳ ಸಂಗ್ರಹ

ಕುಂದಗೋಳ: ಹಳೆಯ ಮನೆಯೊಂದನ್ನು ಕೆಡವುವಾಗ ಅಟ್ಟದಿಂದ ಕೆಳಗಿಳಿಯುವ ವಸ್ತುಗಳಲ್ಲಿ ಹಿತ್ತಾಳೆಯ ಹಂಡೆಗೆ ಬೆಲೆಯಿದೆ, ಸಾಗವಾನಿ ಕಂಬಕ್ಕೆ ಬೆಲೆಯಿದೆ. ಟ್ರಂಕಿನೊಳಗಿನ ಪುಸ್ತಕಗಳಿಗೆ ಮಾತ್ರ ತೂಕದ ಬೆಲೆ. ಅವು ಕಿಲೋ ಲೆಕ್ಕದಲ್ಲಿ ರದ್ದಿ ಅಂಗಡಿ ಸೇರುತ್ತವೆ. ಅವುಗಳ ಮೊದಲ ಹಾಳೆಯ ಮೇಲೆ ಯಾರು ಯಾರಿಗೆ, ಯಾವ ಊರಿನಲ್ಲಿ, ಯಾವ ದಿನ ಈ ಪುಸ್ತಕವನ್ನು ಕೊಟ್ಟರೆಂದು ಬರೆದ ಎರಡು ಸಾಲುಗಳಿದ್ದರೂ ಅದನ್ನು ಗಮನಿಸುವವರು ವಿರಳ. ಪುಸ್ತಕ ಎರಡನೆಯ ಮಹಾಯುದ್ಧದ ಕಾಲದ್ದಾಗಿದ್ದು, ಅದರ ನಾಯಕ ವಿವಾದಕ್ಕೊಳಗಾದ ವ್ಯಕ್ತಿಯಾಗಿದ್ದರೆ ಆ ಎರಡು ಸಾಲುಗಳು ಇಡೀ ಪುಸ್ತಕಕ್ಕಿಂತ ಹೆಚ್ಚಿನದನ್ನು ಹೇಳಬಲ್ಲವು.

ಇಂತಹ ಪ್ರತಿಗಳನ್ನು ಹುಡುಕಿ, ಪರೀಕ್ಷಿಸಿ, ಕಾಪಾಡುವ ಹವ್ಯಾಸ ಜಗತ್ತಿನ ಹಲವೆಡೆ ದೊಡ್ಡ ವಹಿವಾಟಾಗಿ ಬೆಳೆದಿದೆ. ಅದರ ಜೊತೆಯಲ್ಲಿಯೇ ನಕಲಿ ಸಹಿಗಳ ಪ್ರತ್ಯೇಕ ಉದ್ಯಮವೂ ಬೆಳೆದಿದೆ. ನಮ್ಮ ಭಾಗದಲ್ಲಿ ಅಪಾಯ ಬೇರೆ ಸ್ವರೂಪದ್ದು. ಇಲ್ಲಿ ನಕಲಿ ಪ್ರತಿ ಕೊಂಡು ಮೋಸಹೋಗುವವರಿಗಿಂತ ಅಸಲಿ ಪ್ರತಿಯನ್ನು ಅರಿಯದೆ ಕಳೆದುಕೊಳ್ಳುವವರೇ ಹೆಚ್ಚು. ಈ ಹಿನ್ನೆಲೆಯಲ್ಲಿ ಇಂತಹ ಕೃತಿಗಳು ಯಾವುವು, ಒಕ್ಕಣೆಯನ್ನು ಓದುವ ಬಗೆ ಹೇಗೆ, ನಕಲಿಯನ್ನು ಗುರುತಿಸುವ ದಾರಿಗಳು ಯಾವುವು ಮತ್ತು ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕುಂದಗೋಳದ ವಿಶೇಷ ಸ್ಥಾನ

ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹುಬ್ಬಳ್ಳಿ-ಬೆಂಗಳೂರು ರೈಲು ಮಾರ್ಗದ ಮೇಲಿರುವ ಕುಂದಗೋಳವನ್ನು ನಾಡಿನ ಜನ ಬಲ್ಲದ್ದು ಸಂಗೀತದಿಂದ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರ (1886-1952) ಇಲ್ಲಿಯವರು. ಭೀಮಸೇನ ಜೋಶಿಯವರು ಅವರಲ್ಲಿ ಶಿಷ್ಯವೃತ್ತಿ ನಡೆಸಿದ್ದು ಇದೇ ಊರಿನಲ್ಲಿ. ಗಂಗೂಬಾಯಿ ಹಾನಗಲ್ಲರೂ ಹುಬ್ಬಳ್ಳಿಯಿಂದ ಬಂದು ಇಲ್ಲಿ ಕಲಿತರು. ನಾಡಿಗೇರ ವಾಡೆ ಇಂದಿಗೂ ಆ ಪರಂಪರೆಯ ನೆನಪನ್ನು ಉಳಿಸಿಕೊಂಡಿದೆ.

ಪುಸ್ತಕಗಳ ದೃಷ್ಟಿಯಿಂದ ಮುಖ್ಯವಾದ ಸಂಗತಿ ಇನ್ನೊಂದಿದೆ. ಸುತ್ತಲಿನ ಹುಬ್ಬಳ್ಳಿ, ಧಾರವಾಡ, ನವಲಗುಂದಗಳು ಮುಂಬಯಿ ಪ್ರಾಂತದಲ್ಲಿದ್ದು ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟಿದ್ದರೆ, ಕುಂದಗೋಳ ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ರಾಜಧಾನಿ ಜಮಖಂಡಿಯಿಂದ ದೂರವಿದ್ದ ಈ ತಾಲೂಕು ಬ್ರಿಟಿಷ್ ನೆಲದ ನಡುವೆ ದ್ವೀಪದಂತಿತ್ತು. 1948ರಲ್ಲಿ ಸಂಸ್ಥಾನ ವಿಲೀನಗೊಂಡ ನಂತರ ಕುಂದಗೋಳ ಮುಂಬಯಿ ರಾಜ್ಯಕ್ಕೂ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯಕ್ಕೂ ಸೇರಿತು.

ಯುದ್ಧಕಾಲದಲ್ಲಿ ಪುಸ್ತಕಗಳನ್ನು ನಿಯಂತ್ರಿಸುತ್ತಿದ್ದ 1931ರ ಪತ್ರಿಕಾ ತುರ್ತು ಅಧಿಕಾರ ಕಾಯದೆ ಮತ್ತು 1939ರ ಭಾರತ ರಕ್ಷಣಾ ನಿಯಮಗಳು ಬ್ರಿಟಿಷ್ ಇಂಡಿಯಾಕ್ಕಾಗಿ ರಚಿತವಾದವು. ಸಂಸ್ಥಾನದ ನೆಲದಲ್ಲಿ ಅವು ತಾವಾಗಿಯೇ ಜಾರಿಯಾಗುತ್ತಿರಲಿಲ್ಲ. ಅಲ್ಲಿ ಸಂಸ್ಥಾನದ್ದೇ ಆಡಳಿತ. ಆದರೆ ವಿದೇಶಿ ಪುಸ್ತಕ ಬರಬೇಕಾದದ್ದು ಮುಂಬಯಿ ಬಂದರಿನ ಮೂಲಕವೇ ಆದ್ದರಿಂದ ಸುಂಕದ ಕಟ್ಟೆಯಲ್ಲಿ ತಡೆದ ಪುಸ್ತಕ ಸಂಸ್ಥಾನಕ್ಕೂ ತಲುಪುತ್ತಿರಲಿಲ್ಲ. ಹೀಗಾಗಿ ಈ ಭಾಗದ ಪುಸ್ತಕವೊಂದರ ಮೇಲೆ ‘ಜಮಖಂಡಿ ಸಂಸ್ಥಾನ’ ಎಂಬ ರಬ್ಬರ್ ಮೊಹರು, ಅದರ ಕೆಳಗೆ ಯಾರದೋ ಹೆಸರು ಮತ್ತು 1940ರ ದಶಕದ ತಾರೀಖು ಇದ್ದರೆ, ಅದು ಒಂದು ಪ್ರತಿಯ ಒಡೆತನದ ಗುರುತಷ್ಟೇ ಅಲ್ಲ. ಯಾವ ಆಡಳಿತದ ಗಡಿಯೊಳಗೆ ಯಾವ ಪುಸ್ತಕ ಓದಿಗೆ ದೊರೆತಿತ್ತು ಎಂಬುದಕ್ಕೆ ಪುರಾವೆ. ಪಟವರ್ಧನರ ಆಡಳಿತದ ಕಾರಣ ಇಲ್ಲಿ ಮರಾಠಿಯ ಬಳಕೆಯೂ ಇತ್ತು. ಆದ್ದರಿಂದ ಒಕ್ಕಣೆ ಕನ್ನಡದಲ್ಲಿರಬಹುದು, ಮರಾಠಿಯಲ್ಲಿರಬಹುದು, ಮೋಡಿ ಲಿಪಿಯಲ್ಲೂ ಇರಬಹುದು. ಓದಲು ಬಾರದ ಅಕ್ಷರವೆಂದು ಹಾಳೆಯನ್ನು ಹರಿದು ಎಸೆಯುವುದು ತರವಲ್ಲ.

ಒಕ್ಕಣೆಯ ಬಗೆಗಳು

ಸಂಗ್ರಾಹಕರು ಕೈಬರಹವುಳ್ಳ ಪ್ರತಿಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಲೇಖಕನ ಬರಿಯ ಸಹಿ ಇರುವ ಪ್ರತಿ. ಎರಡನೆಯದು ಲೇಖಕನು ಹೆಸರು ಹಿಡಿದು ಒಬ್ಬರಿಗೆ ಬರೆದುಕೊಟ್ಟ ಪ್ರತಿ. ‘ಸಪ್ರೇಮ’, ‘ಸಾದರ’, ‘ಅಭಿಪ್ರಾಯಾರ್ಥ’ ಎಂಬ ಒಕ್ಕಣೆಗಳು ಕನ್ನಡದಲ್ಲಿ ರೂಢಿ. ಮರಾಠಿಯಲ್ಲಿ ‘ಸಪ್ರೇಮ ಭೇಟ’ ಎಂದಿರುತ್ತದೆ. ಮೂರನೆಯದು ಪಡೆದವನೇ ಪ್ರಸಿದ್ಧನಾಗಿದ್ದು, ಪುಸ್ತಕದ ವಿಷಯದೊಡನೆ ಅವನಿಗೆ ನೇರ ಸಂಬಂಧವಿರುವ ಪ್ರತಿ. ಪುಸ್ತಕಪೇಟೆಯಲ್ಲಿ ಅತಿ ಹೆಚ್ಚಿನ ಬೆಲೆ ಇದಕ್ಕೆ. ನಾಲ್ಕನೆಯದು ಓದುಗನೊಬ್ಬ ಇನ್ನೊಬ್ಬ ಓದುಗನಿಗೆ ಕೊಟ್ಟ ಪ್ರತಿ: ಮದುವೆಯ ಉಡುಗೊರೆ, ಶಾಲೆಯ ಬಹುಮಾನ, ಗೆಳೆಯನ ನೆನಪು.

ಪೇಟೆಯಲ್ಲಿ ನಾಲ್ಕನೆಯ ಬಗೆಗೆ ಬೆಲೆಯೇ ಇಲ್ಲ. ಆದರೆ ಇತಿಹಾಸದ ದೃಷ್ಟಿಯಿಂದ ಗ್ರಾಮೀಣ ಧಾರವಾಡದಂತಹ ಪ್ರದೇಶಕ್ಕೆ ಅದೇ ಅತ್ಯಂತ ಅಮೂಲ್ಯ. ಪ್ರಸಿದ್ಧರ ಸಹಿ ಮಹಾನಗರಗಳ ಸಂಗ್ರಹಾಲಯಗಳಲ್ಲೂ ಸಿಗುತ್ತದೆ. 1946ರಲ್ಲಿ ಒಂದು ಸಣ್ಣ ಊರಿನ ಶಾಲಾ ಮಾಸ್ತರರು ತಮ್ಮ ವಿದ್ಯಾರ್ಥಿಗೆ ಸುಭಾಷಚಂದ್ರ ಬೋಸರ ಜೀವನಚರಿತ್ರೆಯನ್ನು ಬಹುಮಾನವಾಗಿ ಕೊಟ್ಟಿದ್ದರೆ, ಆ ಸಂಗತಿ ದಾಖಲಾಗಿರುವುದು ಆ ಒಂದು ಹಾಳೆಯ ಮೇಲೆ ಮಾತ್ರ.

ಗಮನಿಸಬೇಕಾದ ಕೃತಿಗಳು

ನಮ್ಮ ದೇಶದ ಮಟ್ಟಿಗೆ ಯುದ್ಧಕಾಲದ ವಿವಾದಿತ ಜೀವನಚರಿತ್ರೆ ಎಂದೊಡನೆ ಮೊದಲು ಬರುವ ಹೆಸರು ನೇತಾಜಿಯವರದು. ಅವರ ‘ದಿ ಇಂಡಿಯನ್ ಸ್ಟ್ರಗಲ್’ 1935ರಲ್ಲಿ ಲಂಡನ್‌ನಲ್ಲಿ ಪ್ರಕಟವಾಯಿತು. ಅದು ಜೀವನಚರಿತ್ರೆಯಲ್ಲ, 1920ರಿಂದ 1934ರವರೆಗಿನ ಹೋರಾಟದ ಇತಿಹಾಸ; ಆದರೂ ನೇತಾಜಿಯವರ ಕುರಿತ ಮುಂದಿನ ಬರಹಗಳೆಲ್ಲಕ್ಕೂ ಅದು ಆಕರ. ಬ್ರಿಟಿಷ್ ಸರಕಾರ ಭಾರತದೊಳಗೆ ಅದರ ಪ್ರವೇಶವನ್ನು ನಿಷೇಧಿಸಿತು. ಭಾರತೀಯ ಆವೃತ್ತಿ ಬಂದದ್ದು 1948ರಲ್ಲಿ. ಹೀಗಾಗಿ ಲಂಡನ್ ಮುದ್ರಣದ ಪ್ರತಿಯೊಂದು ಸ್ವಾತಂತ್ರ್ಯಪೂರ್ವದಲ್ಲಿಯೇ ಈ ಭಾಗಕ್ಕೆ ಬಂದಿದ್ದರೆ ಅದು ಹೇಗೆ ಬಂತೆಂಬ ಪ್ರಶ್ನೆಯೇ ಒಂದು ಸಂಶೋಧನೆಯ ವಸ್ತು. 1935ರಲ್ಲಿ ರೋಮ್‌ನಲ್ಲಿ ಬೋಸರು ಈ ಪುಸ್ತಕದ ಪ್ರತಿಯನ್ನು ಮುಸೊಲಿನಿಗೆ ಕೊಟ್ಟಿದ್ದರು. ಒಂದು ಪುಸ್ತಕವನ್ನು ಯಾರ ಕೈಗೆ ಕೊಡಲಾಯಿತು ಎಂಬುದೇ ದಶಕಗಳ ಕಾಲ ಚರ್ಚೆಯ ವಿಷಯವಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

1945ರ ನವೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳಾದ ಶಾ ನವಾಜ್ ಖಾನ್, ಪ್ರೇಮ್ ಸಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ವಿಚಾರಣೆ ಆರಂಭವಾದಾಗ ದೇಶದಾದ್ಯಂತ ಇಂತಹ ಪುಸ್ತಕಗಳಿಗೆ ಬೇಡಿಕೆ ಹುಟ್ಟಿತು. ಶಾ ನವಾಜ್ ಖಾನ್ ಅವರ ‘ಮೈ ಮೆಮೊರೀಸ್ ಆಫ್ ಐ.ಎನ್.ಎ. ಅಂಡ್ ಇಟ್ಸ್ ನೇತಾಜಿ’ 1946ರಲ್ಲಿ ಜವಾಹರಲಾಲ ನೆಹರೂ ಅವರ ಮುನ್ನುಡಿಯೊಂದಿಗೆ ಹೊರಬಂತು. ಆಜಾದ್ ಹಿಂದ್ ಸರಕಾರದ ಪ್ರಚಾರ ಸಚಿವರಾಗಿದ್ದ ಪತ್ರಕರ್ತ ಎಸ್.ಎ. ಅಯ್ಯರ್ ಅವರ ‘ಅಂಟು ಹಿಮ್ ಎ ವಿಟ್ನೆಸ್’ 1951ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಎದುರು ಪಾಳೆಯದಿಂದ ಬಂದ ಪ್ರಮುಖ ಕೃತಿ ಹ್ಯೂ ಟೋಯ್ ಅವರ ‘ದಿ ಸ್ಪ್ರಿಂಗಿಂಗ್ ಟೈಗರ್’ (1959). ಟೋಯ್ ಯುದ್ಧಕಾಲದಲ್ಲಿ ಬ್ರಿಟಿಷ್ ಬೇಹುಗಾರಿಕೆ ವಿಭಾಗದ ಅಧಿಕಾರಿಯಾಗಿದ್ದು ಫೌಜಿನ ಸೈನಿಕರನ್ನು ವಿಚಾರಣೆಗೊಳಪಡಿಸಿದವರು.

ಎಚ್ಚರ ವಹಿಸಬೇಕಾದ ಎರಡು ಕೃತಿಗಳನ್ನು ಪ್ರತ್ಯೇಕವಾಗಿ ಹೇಳಬೇಕು. 1945ರಲ್ಲಿ ಮುಂಬಯಿಯ ಜನ್ಮಭೂಮಿ ಪ್ರಕಾಶನ ಹೊರತಂದ ‘ಜೈ ಹಿಂದ್’ ಎಂಬ ಪುಸ್ತಕವು ಝಾನ್ಸಿ ರಾಣಿ ದಳದ ಮಹಿಳೆಯೊಬ್ಬಳ ದಿನಚರಿ ಎಂದು ಪ್ರಚಾರ ಪಡೆಯಿತು. ಅದು ನಿಜವಾದ ದಿನಚರಿಯಲ್ಲ, ‘ಜನ್ಮಭೂಮಿ’ ಪತ್ರಿಕೆಯ ಅಮೃತಲಾಲ ಸೇಠರು ಕಟ್ಟಿದ ಕಥನ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಗಿದೆ. ಅಂದ ಮೇಲೆ ದಿನಚರಿ ಬರೆದ ಮಹಿಳೆಯ ಸಹಿಯೆಂದು ಹೇಳಿಕೊಳ್ಳುವ ಪ್ರತಿಯನ್ನು ಸಂಶಯದಿಂದಲೇ ನೋಡಬೇಕು.

ಎರಡನೆಯದು ವಿ.ಡಿ. ಸಾವರಕರರ ಜೀವನಚರಿತ್ರೆ ‘ಲೈಫ್ ಆಫ್ ಬ್ಯಾರಿಸ್ಟರ್ ಸಾವರಕರ್’. ‘ಚಿತ್ರಗುಪ್ತ’ ಎಂಬ ಹೆಸರಿನಲ್ಲಿ 1926ರಲ್ಲಿ ಬಂದ ಈ ಕೃತಿ ಯುದ್ಧ ಆರಂಭವಾದ 1939ರಲ್ಲಿ ವಿಸ್ತೃತವಾಗಿ ಮರುಮುದ್ರಣಗೊಂಡಿತು. ಚಿತ್ರಗುಪ್ತ ಬೇರಾರೂ ಅಲ್ಲ, ಸ್ವತಃ ಸಾವರಕರರೇ ಎಂದು 1987ರ ಆವೃತ್ತಿಯ ಮುನ್ನುಡಿಯಲ್ಲಿ ಪ್ರಕಾಶಕರು ತಿಳಿಸಿದರು. ಜೀವನಚರಿತ್ರೆ ಆತ್ಮಚರಿತ್ರೆಯಾಗಿ ಮಾರ್ಪಟ್ಟ ಅಪರೂಪದ ಪ್ರಸಂಗ ಇದು. ಇದರ ಹಳೆಯ ಪ್ರತಿಯ ಮೇಲಿನ ಯಾವುದೇ ಒಕ್ಕಣೆ ಯಾರ ಕೈಬರಹ ಎಂಬುದನ್ನು ಪರೀಕ್ಷಿಸದೆ ಮಾರುವುದೂ ಸಲ್ಲದು, ಕೊಳ್ಳುವುದೂ ಸಲ್ಲದು.

ನಕಲಿಯ ಪಾಠ: 1983ರ ಪ್ರಕರಣ

ನಕಲಿ ಕೈಬರಹದ ವಿಷಯದಲ್ಲಿ ಜಗತ್ತಿಗೆ ದೊಡ್ಡ ಪಾಠ ಕಲಿಸಿದ್ದು ಪಶ್ಚಿಮ ಜರ್ಮನಿಯ ಪ್ರಕರಣ. 1983ರ ಏಪ್ರಿಲ್‌ನಲ್ಲಿ ‘ಸ್ಟರ್ನ್’ ವಾರಪತ್ರಿಕೆ ಹಿಟ್ಲರ್‌ನ ದಿನಚರಿಗಳು ತನಗೆ ದೊರೆತಿವೆಯೆಂದು ಘೋಷಿಸಿತು. ಹಿಟ್ಲರ್‌ನ ಕೊನೆಯ ದಿನಗಳ ಕುರಿತು 1947ರಲ್ಲಿ ಪ್ರಸಿದ್ಧ ಗ್ರಂಥ ಬರೆದಿದ್ದ ಬ್ರಿಟಿಷ್ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಮೊದಲಿಗೆ ಅವನ್ನು ಅಸಲಿಯೆಂದು ಒಪ್ಪಿದರು. ಎರಡೇ ವಾರಗಳಲ್ಲಿ ಸರಕಾರಿ ಪ್ರಯೋಗಾಲಯದ ವರದಿ ಬಂತು: ಕಾಗದದಲ್ಲಿ ಯುದ್ಧಾನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕ ರಾಸಾಯನಿಕವಿತ್ತು. ದಿನಚರಿಗಳನ್ನು ಬರೆದಿದ್ದವನು ಕೊನ್ರಾಡ್ ಕುಜಾವ್ ಎಂಬ ನಕಲಿಗಾರ. 1985ರಲ್ಲಿ ಅವನಿಗೂ, ದಿನಚರಿಗಳನ್ನು ಪತ್ರಿಕೆಗೆ ತಂದ ವರದಿಗಾರನಿಗೂ ಸೆರೆವಾಸದ ಶಿಕ್ಷೆಯಾಯಿತು.

ಈ ಪ್ರಕರಣದಲ್ಲಿ ಕೈಬರಹ ತಜ್ಞರು ಏಕೆ ಮೋಸಹೋದರು ಎಂಬುದನ್ನು ಪ್ರತಿಯೊಬ್ಬ ಸಂಗ್ರಾಹಕನೂ ತಿಳಿದಿರಬೇಕು. ಅವರು ದಿನಚರಿಯ ಅಕ್ಷರಗಳನ್ನು ಹೋಲಿಸಿ ನೋಡಿದ ಮಾದರಿ ಪತ್ರಗಳಲ್ಲಿ ಕೆಲವು ಕುಜಾವ್‌ನದೇ ಸೃಷ್ಟಿಯಾಗಿದ್ದವು. ನಕಲಿಯನ್ನು ನಕಲಿಯೊಂದಿಗೇ ಹೋಲಿಸಿದಾಗ ಎರಡೂ ಒಂದೇ ಕೈಯ ಬರಹವೆಂಬ ಉತ್ತರ ಬಂದದ್ದು ಸಹಜ. ಆದ್ದರಿಂದ ಮಾರುವವನೇ ತೋರಿಸುವ ‘ಹೋಲಿಕೆಯ ಸಹಿ’ಯನ್ನು ಪುರಾವೆಯಾಗಿ ಒಪ್ಪಬಾರದು. ಸಾರ್ವಜನಿಕ ಸಂಗ್ರಹದಲ್ಲಿರುವ, ಎಲ್ಲಿಂದ ಬಂತೆಂದು ತಿಳಿದಿರುವ ಮಾದರಿಯೊಂದಿಗೇ ಹೋಲಿಸಬೇಕು.

ಪರೀಕ್ಷಿಸುವ ಬಗೆ

ಪ್ರಯೋಗಾಲಯಕ್ಕೆ ಹೋಗುವ ಮುನ್ನ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಹಲವಿವೆ. ಅವುಗಳಲ್ಲಿ ಹೆಚ್ಚಿನವು ತಾರೀಖುಗಳ ತಾಳೆಯನ್ನೇ ಅವಲಂಬಿಸಿವೆ.

ಒಂದು, ಮುದ್ರಣದ ವರ್ಷ. ಒಕ್ಕಣೆಯ ತಾರೀಖು ಮುದ್ರಣದ ತಾರೀಖಿಗಿಂತ ಹಿಂದಿನದಾಗಿರಲಾರದು. ಸರಳವೆನಿಸಿದರೂ ಅನೇಕ ನಕಲಿಗಳು ಬೀಳುವುದು ಇಲ್ಲಿಯೇ. ನಮ್ಮ ಭಾಗದ ಒಕ್ಕಣೆಗಳಲ್ಲಿ ಇಸವಿಯ ಬದಲು ಶಕವರ್ಷವೋ ಸಂವತ್ಸರದ ಹೆಸರೋ ಇರುವುದುಂಟು. 1945ರ ಯುಗಾದಿಯಿಂದ ಪಾರ್ಥಿವ, 1946ರಿಂದ ವ್ಯಯ, 1947ರಿಂದ ಸರ್ವಜಿತ್ ಸಂವತ್ಸರ. ಶೀರ್ಷಿಕೆ ಪುಟದಲ್ಲಿ 1946 ಎಂದಿರುವ ಪುಸ್ತಕದ ಮೊದಲ ಹಾಳೆಯ ಮೇಲೆ ‘ಪಾರ್ಥಿವ ಸಂವತ್ಸರ, ದೀಪಾವಳಿ’ ಎಂದು ಬರೆದಿದ್ದರೆ ಅದು 1945ರ ದೀಪಾವಳಿ. ಪುಸ್ತಕವೇ ಹುಟ್ಟದ ದಿನ ಅದನ್ನು ಉಡುಗೊರೆ ಕೊಟ್ಟಂತಾಗುತ್ತದೆ.

ಎರಡು, ಬರೆದವರು ಆ ದಿನ ಎಲ್ಲಿದ್ದರು ಎಂಬುದು. ಬೋಸರು ಕಲಕತ್ತೆಯ ಗೃಹಬಂಧನದಿಂದ ತಪ್ಪಿಸಿಕೊಂಡದ್ದು 1941ರ ಜನವರಿ 16-17ರ ರಾತ್ರಿ. ಆನಂತರ ಅವರು ಕಾಬೂಲ್ ಮಾರ್ಗವಾಗಿ ಜರ್ಮನಿಗೂ, 1943ರಲ್ಲಿ ಆಗ್ನೇಯ ಏಷ್ಯಾಕ್ಕೂ ತೆರಳಿದರು. 1942ರಲ್ಲಿ ಮುಂಬಯಿಯಲ್ಲೋ ಪುಣೆಯಲ್ಲೋ ಬರೆದರೆನ್ನುವ ಅವರ ಸಹಿ ಅಸಲಿಯಾಗಿರುವುದು ಸಾಧ್ಯವಿಲ್ಲ. 1945ರ ಆಗಸ್ಟ್ 18ರ ನಂತರದ ತಾರೀಖಿರುವ ಸಹಿಯಂತೂ ಇನ್ನೂ ಸೂಕ್ಷ್ಮ. ಅವರ ಸಾವಿನ ಕುರಿತು 1956ರ ಶಾ ನವಾಜ್ ಸಮಿತಿ, 1970ರಲ್ಲಿ ನೇಮಕವಾದ ಖೋಸ್ಲಾ ಆಯೋಗ ಮತ್ತು 1999ರಲ್ಲಿ ರಚಿತವಾದ ಮುಖರ್ಜಿ ಆಯೋಗಗಳು ವಿಚಾರಣೆ ನಡೆಸಿದವು. ಮೊದಲೆರಡು ವಿಮಾನ ಅಪಘಾತವನ್ನು ಒಪ್ಪಿದರೆ ಮೂರನೆಯದು ಒಪ್ಪಲಿಲ್ಲ. ಆದರೆ ಅದರ ವರದಿಯನ್ನು ಸರಕಾರ ತಿರಸ್ಕರಿಸಿತು. ಜನರ ಈ ಕುತೂಹಲವನ್ನು ನಕಲಿಗಾರರು ಬಳಸಿಕೊಳ್ಳದಿರರು.

ಮೂರು, ಲೇಖನಿ. ಬಾಲ್‌ಪೆನ್ ಅಮೆರಿಕದ ಅಂಗಡಿಗಳಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ನಮ್ಮಲ್ಲಿ ಅದು ಸಾಮಾನ್ಯರ ಕೈ ಸೇರಲು ಇನ್ನೂ ಹಲವು ವರ್ಷ ಬೇಕಾಯಿತು. ಯುದ್ಧಕಾಲದ ತಾರೀಖಿನ ಒಕ್ಕಣೆ ಟಾಕಿನ ಪೆನ್ನಿನಿಂದ, ಇಲ್ಲವೇ ಪೆನ್ಸಿಲ್ಲಿನಿಂದ ಬರೆದದ್ದಾಗಿರಬೇಕು. ಭೂತಗನ್ನಡಿಯಲ್ಲಿ ನೋಡಿದರೆ ಟಾಕಿನ ಗೆರೆ ಒತ್ತಿದೆಡೆ ಅಗಲವಾಗಿ, ಎತ್ತಿದೆಡೆ ತೆಳುವಾಗಿ ಕಾಣುತ್ತದೆ. ಬಾಲ್‌ಪೆನ್ನಿನ ಗೆರೆ ಒಂದೇ ದಪ್ಪನಾಗಿದ್ದು ಹಾಳೆಯ ಹಿಂಬದಿಗೆ ಉಬ್ಬು ಮೂಡಿಸುತ್ತದೆ.

ನಾಲ್ಕು, ಕಾಗದ. ಅಂಗಡಿಗಳಲ್ಲಿ ಖೋಟಾ ನೋಟು ಪತ್ತೆಗೆ ಬಳಸುವ ನೇರಳಾತೀತ ದೀಪ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಿಳುಪುಕಾರಕ ಬೆರೆತ ಕಾಗದ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಇಂತಹ ಕಾಗದ ವ್ಯಾಪಕವಾದದ್ದು 1950ರ ನಂತರ. ಪುಸ್ತಕದ ಉಳಿದೆಲ್ಲ ಹಾಳೆಗಳು ಮಂಕಾಗಿದ್ದು ಒಕ್ಕಣೆಯಿರುವ ಹಾಳೆಯೊಂದೇ ಹೊಳೆದರೆ ಅದನ್ನು ಆನಂತರ ಅಂಟಿಸಿದ್ದೆಂದು ತಿಳಿಯಬೇಕು. ಯುದ್ಧಕಾಲದ ಬ್ರಿಟಿಷ್ ಮುದ್ರಣಗಳಲ್ಲಿ ಕಾಗದದ ಮಿತವ್ಯಯ ಒಪ್ಪಂದವನ್ನು ಸೂಚಿಸುವ, ಪುಸ್ತಕ ಮತ್ತು ಸಿಂಹದ ಚಿತ್ರವಿರುವ ಚಿಹ್ನೆ ಇರುವುದುಂಟು. ಅಂತಹ ಪುಸ್ತಕಗಳ ಕಾಗದ ತೆಳು, ಅಂಚು ಕಿರಿದು, ಅಕ್ಷರ ಸಣ್ಣದು.

ಐದು, ಮೊಹರು ಮತ್ತು ಬೆಲೆ. ರೂಪಾಯಿ-ಆಣೆ-ಪೈಗಳಲ್ಲಿ ಬೆಲೆಯಿದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ಅಂದು ದಶಮಾಂಶ ನಾಣ್ಯ ಜಾರಿಗೆ ಬಂತು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಕರ್ನಾಟಕ ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ನಂತರದ್ದು. ‘ಗದಗ, ಜಿಲ್ಲಾ ಧಾರವಾಡ’ ಎಂದಿದ್ದರೆ ಬಹುತೇಕ 1997ರ ಜಿಲ್ಲಾ ವಿಭಜನೆಗೆ ಹಿಂದಿನದು. ಪುಸ್ತಕದಂಗಡಿಯ ಮೊಹರು, ಗ್ರಂಥಾಲಯದ ಚೀಟಿ, ಬಹುಮಾನದ ಪಟ್ಟಿ ಇವೆಲ್ಲ ಕೂಡಿ ಪ್ರತಿಯ ಒಡೆತನದ ಸರಣಿಯನ್ನು ಕಟ್ಟಿಕೊಡುತ್ತವೆ. ಈ ಸರಣಿ ಎಲ್ಲಿಯೂ ತುಂಡಾಗದಿದ್ದರೆ ಅದು ಯಾವುದೇ ತಜ್ಞನ ಪ್ರಮಾಣಪತ್ರಕ್ಕಿಂತ ಹೆಚ್ಚು ನಂಬಲರ್ಹ.

ಕಾನೂನು ಏನನ್ನುತ್ತದೆ

ಹಳೆಯ ಪುಸ್ತಕ ಇಟ್ಟುಕೊಂಡರೆ ತೊಂದರೆಯಾದೀತೆಂಬ ಭಯ ಕೆಲವರಲ್ಲಿದೆ. ಬ್ರಿಟಿಷರು ಮುಟ್ಟುಗೋಲು ಹಾಕಿಕೊಂಡಿದ್ದ ರಾಷ್ಟ್ರೀಯ ಸಾಹಿತ್ಯವನ್ನು ಇಂದು ದೆಹಲಿಯ ರಾಷ್ಟ್ರೀಯ ಪತ್ರಾಗಾರ ಮತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿ ಪ್ರತ್ಯೇಕ ಸಂಗ್ರಹಗಳಾಗಿ ಕಾಪಾಡಿವೆ. ಆ ನಿಷೇಧಗಳ ಇತಿಹಾಸವನ್ನು ಎನ್. ಜೆರಾಲ್ಡ್ ಬ್ಯಾರಿಯರ್ ಅವರ ‘ಬ್ಯಾನ್ಡ್’ (1974) ಗ್ರಂಥ ವಿವರಿಸುತ್ತದೆ.

ಇಂದಿನ ಕಾನೂನಿನಲ್ಲಿಯೂ ಪ್ರಕಟಣೆಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿದ್ದ ಈ ಅಧಿಕಾರ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನಲ್ಲಿದೆ. ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವೂ ಇದೆ. ಕೃತಿಯೊಂದು ಇಂತಹ ಆದೇಶಕ್ಕೆ ಒಳಪಟ್ಟಿದೆಯೇ ಎಂಬುದನ್ನು ಕೊಳ್ಳುವ ಮುನ್ನ ವಿಚಾರಿಸಿಕೊಳ್ಳುವುದು ಒಳಿತು.

ಹೊರದೇಶಕ್ಕೆ ಕಳಿಸುವವರು ಗಮನಿಸಬೇಕಾದದ್ದು 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯದೆ. ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆ ಮತ್ತಿತರ ಪತ್ರಗಳು 75 ವರ್ಷ ಹಳೆಯದಾದರೆ ಪುರಾತನ ವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ. ಯುದ್ಧ ಮುಗಿದ 1945ಕ್ಕೆ 2020ರಲ್ಲಿಯೇ 75 ವರ್ಷ ತುಂಬಿದೆ. ಒಕ್ಕಣೆಯುಳ್ಳ ಮುದ್ರಿತ ಪುಸ್ತಕ ಈ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬುದು ಆಯಾ ಪ್ರತಿಯ ಸ್ವರೂಪವನ್ನು ಅವಲಂಬಿಸಿದ ಪ್ರಶ್ನೆ. ಪರದೇಶದ ಮಗನಿಗೋ ಮಗಳಿಗೋ ಅಜ್ಜನ ಪುಸ್ತಕ ಕಳಿಸುವ ಮುನ್ನ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತ ಕಚೇರಿಯಲ್ಲಿ ವಿಚಾರಿಸಬಹುದು.

ಸಂಗ್ರಹ ಸಮರ್ಥನೆಯೇ?

ಈ ಹವ್ಯಾಸದ ಮೇಲಿನ ಗಂಭೀರ ಆಕ್ಷೇಪ ಒಂದಿದೆ. ಹಿಂಸೆಯನ್ನು ಸಮರ್ಥಿಸಿದವನ ಅಥವಾ ನರಮೇಧಕ್ಕೆ ಕಾರಣನಾದವನ ಸಹಿಯನ್ನು ಹಣ ಕೊಟ್ಟು ಕೊಳ್ಳುವುದು ಅವನನ್ನು ಗೌರವಿಸಿದಂತಲ್ಲವೇ ಎಂಬುದು ಪ್ರಶ್ನೆ. ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ, ಪುಸ್ತಕವನ್ನು ಇರಿಸುವ ರೀತಿಯಲ್ಲಿದೆ. ಹಿಟ್ಲರ್‌ನ ಸ್ವಂತ ಗ್ರಂಥಸಂಗ್ರಹದ ಸುಮಾರು 1,200 ಪುಸ್ತಕಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಯಾರು ಯಾರು ಅವನಿಗೆ ತಮ್ಮ ಪುಸ್ತಕಗಳನ್ನು ಬರೆದುಕೊಟ್ಟರೆಂಬುದು ಅವುಗಳಿಂದ ತಿಳಿಯುತ್ತದೆ. ಇದೇ ಸಾಮಗ್ರಿಯನ್ನು ಆಧರಿಸಿ ತಿಮೋತಿ ರೈಬ್ಯಾಕ್ ಹಿಟ್ಲರ್‌ನ ಓದಿನ ಕುರಿತು ಒಂದು ಪುಸ್ತಕವನ್ನೇ ಬರೆದರು. ಹಾಗೆಯೇ ‘ಮೈನ್ ಕಾಂಪ್ಫ್’ ಕೃತಿಸ್ವಾಮ್ಯದ ಅವಧಿ 2015ರ ಕೊನೆಗೆ ಮುಗಿದಾಗ ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ 2016ರ ಜನವರಿಯಲ್ಲಿ ವಿಸ್ತೃತ ಟಿಪ್ಪಣಿಗಳುಳ್ಳ ಆವೃತ್ತಿಯನ್ನು ಹೊರತಂದಿತು. ಸುಳ್ಳನ್ನು ಬಚ್ಚಿಡುವುದಕ್ಕಿಂತ ಅದರ ಪಕ್ಕದಲ್ಲಿ ನಿಜವನ್ನು ಮುದ್ರಿಸುವುದೇ ಸರಿಯೆಂದು ಆ ವಿದ್ವಾಂಸರು ಭಾವಿಸಿದರು.

ಇನ್ನೊಂದು ಉದಾಹರಣೆ ಬ್ರಿಟನ್ನಿನ ಡೇವಿಡ್ ಇರ್ವಿಂಗ್. ಇವರ ‘ಹಿಟ್ಲರ್ಸ್ ವಾರ್’ 1977ರಲ್ಲಿ ಪ್ರಕಟವಾಯಿತು. ಯಹೂದ್ಯರ ನರಮೇಧವನ್ನು ನಿರಾಕರಿಸುವವರೆಂದು ತಮ್ಮನ್ನು ಬಣ್ಣಿಸಿದ ಡೆಬೊರಾ ಲಿಪ್‌ಸ್ಟಾಟ್ ಮತ್ತು ಪೆಂಗ್ವಿನ್ ಸಂಸ್ಥೆಯ ವಿರುದ್ಧ ಇರ್ವಿಂಗ್ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಲಂಡನ್ನಿನ ನ್ಯಾಯಾಲಯ 2000ದ ಏಪ್ರಿಲ್‌ನಲ್ಲಿ ವಜಾಗೊಳಿಸಿ, ಅವರು ಐತಿಹಾಸಿಕ ಆಧಾರಗಳನ್ನು ಉದ್ದೇಶಪೂರ್ವಕವಾಗಿ ತಿರುಚಿದ್ದಾರೆಂದು ಹೇಳಿತು. 2006ರಲ್ಲಿ ಆಸ್ಟ್ರಿಯದಲ್ಲಿ ಅವರಿಗೆ ಸೆರೆವಾಸವೂ ಆಯಿತು. ಇಂತಹ ಸಂದರ್ಭದಲ್ಲಿ ಸಂಗ್ರಾಹಕರು ಪಾಲಿಸುವ ಒಂದು ಸರಳ ನಿಯಮವಿದೆ. ಹಳೆಯ ಪುಸ್ತಕದಂಗಡಿಯಿಂದ ಕೊಂಡರೆ ಹಣ ಅಂಗಡಿಯವನಿಗೆ ಹೋಗುತ್ತದೆ. ಲೇಖಕನಿಂದಲೇ ಅಥವಾ ಅವನ ಪ್ರಚಾರಕರಿಂದ ಕೊಂಡರೆ ಆ ಪ್ರಚಾರಕ್ಕೆ ಹೋಗುತ್ತದೆ. ಮೊದಲನೆಯದು ಸಂಗ್ರಹ, ಎರಡನೆಯದು ವಂತಿಗೆ.

ನೇತಾಜಿ ಅಥವಾ ಸಾವರಕರರ ಜೀವನಚರಿತ್ರೆಗಳನ್ನು ಈ ಸಾಲಿಗೆ ಸೇರಿಸಿ ಅಳೆಯುವುದು ಸರಿಯಲ್ಲ. ಅವುಗಳ ವಿವಾದ ಬೇರೆ ನೆಲೆಯದು. ಆದರೆ ಪ್ರತಿಯನ್ನು ಪರೀಕ್ಷಿಸುವ ಕ್ರಮ ಎಲ್ಲಕ್ಕೂ ಒಂದೇ. ಮೆಚ್ಚಿನ ನಾಯಕನ ಸಹಿಯೆಂದು ಪರೀಕ್ಷೆಯಿಲ್ಲದೆ ಒಪ್ಪುವುದೂ, ಒಪ್ಪದ ನಾಯಕನ ಪುಸ್ತಕವೆಂದು ರದ್ದಿಗೆ ಹಾಕುವುದೂ ಒಂದೇ ಬಗೆಯ ತಪ್ಪು.

ಕಾಪಾಡುವ ಕ್ರಮ

ಈ ಭಾಗದಲ್ಲಿ ಒಕ್ಕಣೆಗಳು ಅಳಿಯುವ ಮುಖ್ಯ ಕಾರಣ ಗೆದ್ದಲಲ್ಲ, ಬೈಂಡಿಂಗ್. ಸಡಿಲಾದ ಪುಸ್ತಕವನ್ನು ಹೊಸದಾಗಿ ಹೊಲಿಸುವಾಗ ಮೊದಲಿನ ಖಾಲಿ ಹಾಳೆಯನ್ನು ತೆಗೆದು ಹಾಕುತ್ತಾರೆ. ಮೂರು ಬದಿ ಕತ್ತರಿಸುವಾಗ ಅಂಚಿನ ಬರಹ ಹೋಗುತ್ತದೆ. ಬೈಂಡಿಂಗ್‌ಗೆ ಕೊಡುವ ಮುನ್ನ ಯಾವ ಹಾಳೆಯನ್ನೂ ತೆಗೆಯಬಾರದು, ಅಂಚು ಕತ್ತರಿಸಬಾರದು ಎಂದು ಬರೆದು ಕೊಡಬೇಕು.

ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬಾರದು. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರಗಳನ್ನು ನುಂಗುತ್ತದೆ. ಮಾಸಿದ ಒಕ್ಕಣೆಯ ಮೇಲೆ ಹೊಸ ಮಸಿಯಿಂದ ತಿದ್ದಬಾರದು. ತಿದ್ದಿದ ಸಹಿ ಪುರಾವೆಯಾಗಿ ಉಳಿಯುವುದಿಲ್ಲ. ಟಿಪ್ಪಣಿ ಬರೆಯಬೇಕಿದ್ದರೆ ಪ್ರತ್ಯೇಕ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆಯಬೇಕು. ಬಿಸಿಲಿಗೆ ಒಡ್ಡದೆ, ನೆಲಕ್ಕೂ ಗೋಡೆಗೂ ತಾಗದಂತೆ, ಗಾಳಿಯಾಡುವ ಕಪಾಟಿನಲ್ಲಿಡಬೇಕು. ಹಿರಿಯರು ಕಟ್ಟಿಡುತ್ತಿದ್ದ ಬಜೆ ಬೇರಿನ ಗಂಟು, ಒಣಗಿದ ಬೇವಿನೆಲೆ ಹುಳುಗಳನ್ನು ದೂರವಿಡಲು ಇಂದಿಗೂ ಉಪಯುಕ್ತ. ಆದರೆ ಅವು ಹಾಳೆಗೆ ನೇರವಾಗಿ ತಾಗದಂತೆ ಬಟ್ಟೆಯಲ್ಲಿ ಕಟ್ಟಿರಬೇಕು. ಎಲ್ಲಕ್ಕಿಂತ ಮೊದಲು ರಕ್ಷಾಪುಟ, ಒಕ್ಕಣೆಯ ಹಾಳೆ, ಶೀರ್ಷಿಕೆ ಪುಟ ಮತ್ತು ಮುದ್ರಣ ವಿವರದ ಪುಟಗಳ ಛಾಯಾಚಿತ್ರ ತೆಗೆದಿಡಬೇಕು.

ಛಾಯಾಚಿತ್ರದಷ್ಟೇ ಮುಖ್ಯ ಮನೆಯ ಹಿರಿಯರ ನೆನಪು. ಒಕ್ಕಣೆಯಲ್ಲಿರುವ ಹೆಸರು ಯಾರದು, ಅವರಿಗೂ ಮನೆಗೂ ಏನು ನಂಟು, ಪುಸ್ತಕ ಯಾವ ಊರಿನಿಂದ ಬಂತು ಎಂಬುದನ್ನು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರಷ್ಟೇ ಇರುತ್ತಾರೆ. ಅವರಿರುವಾಗಲೇ ಕೇಳಿ ಬರೆದಿಡಬೇಕು.

ಎಲ್ಲಿ ಒಪ್ಪಿಸಬಹುದು

ಮನೆಯಲ್ಲಿ ಉಳಿಸಿಕೊಳ್ಳಲಾಗದವರಿಗೆ ಸಮೀಪದಲ್ಲಿಯೇ ಸಂಸ್ಥೆಗಳಿವೆ. 1890ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಮತ್ತು ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯಗಳನ್ನು ವಿಚಾರಿಸಬಹುದು. ಕೊಡುವಾಗ ಒಕ್ಕಣೆಯ ವಿವರವನ್ನೂ ಸ್ವೀಕೃತಿ ಪತ್ರದಲ್ಲಿ ನಮೂದಿಸುವಂತೆ ಕೇಳಬೇಕು. ಇಲ್ಲವಾದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ಈಗಾಗಲೇ ಇದೆಯೆಂಬ ಕಾರಣಕ್ಕೆ ಈ ಪ್ರತಿ ವಿಲೇವಾರಿಯ ರಾಶಿಗೆ ಹೋಗುವ ಸಂಭವವಿದೆ. ಮುದ್ರಿತ ಪಠ್ಯದ ದೃಷ್ಟಿಯಿಂದ ಎರಡೂ ಪ್ರತಿಗಳು ಒಂದೇ. ಮೊದಲ ಹಾಳೆಯ ಕೈಬರಹದ ದೃಷ್ಟಿಯಿಂದ ಅದು ಜಗತ್ತಿನಲ್ಲಿ ಒಂದೇ ಒಂದು.

ಕುಂದಗೋಳದ ಸಂಗೀತ ಪರಂಪರೆ ಉಳಿದದ್ದು ಅದನ್ನು ನೆನಪಿಟ್ಟ ಮನೆಗಳಿಂದ. ಇಲ್ಲಿಯ ಓದಿನ ಪರಂಪರೆಗೆ ಅಂತಹ ಭಾಗ್ಯ ಇನ್ನೂ ಒದಗಿಲ್ಲ. ಮುಂದಿನ ಬಾರಿ ಅಟ್ಟದ ಟ್ರಂಕು ಕೆಳಗಿಳಿದಾಗ ತಕ್ಕಡಿಗೆ ಹಾಕುವ ಮುನ್ನ ಪ್ರತಿ ಪುಸ್ತಕದ ಮೊದಲ ಹಾಳೆಯನ್ನೊಮ್ಮೆ ತಿರುವಿ ನೋಡಬೇಕೆಂಬುದಷ್ಟೇ ಓದುಗರಲ್ಲಿ ವಿನಂತಿ.